ಮಲಗಿದ ಕೈಯನ್ನು ಎಚ್ಚರಿಸುವ ಬಗೆ

ನಮ್ಮ ಡೊಂಬಿವಲಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿರಿ. ತಂದೆತಾಯಿಗಳು ಬೆಳಗಿನ ಲೋಕಲ್ ಗಾಡಿ ಹಿಡಿದು ಮುಂಬಯಿಗೆ ಕೆಲಸಕ್ಕೆ ಹೋಗಿರುವರು. ಮನೆಯಲ್ಲಿ ಅಜ್ಜಿ ಮತ್ತು ಮೊಮ್ಮಗ ಇಬ್ಬರೇ. ಕೆಲವು ವಾರಗಳ ಹಿಂದೆ ಅಜ್ಜಿಗೆ ಲಕ್ವ ಹೊಡೆದು ಬಲಗೈ ಸೋತಿದೆ. ಆಕೆ ಆ ಕೈಯನ್ನು ಮೆಲ್ಲಗೆ ನೀರಿನ ಲೋಟದ ಕಡೆಗೆ ಚಾಚಿದೊಡನೆ ಮೊಮ್ಮಗನು ಓಡಿಬಂದು ತಾನೇ ನೀರು ಕುಡಿಸುತ್ತಾನೆ. ಅವನ ಪ್ರೀತಿ ನಿಜವಾದುದು. ಆದರೆ ಆ ಪ್ರೀತಿಯಿಂದ ಅಜ್ಜಿಯ ಕೈಗೆ ಹಿತವಾಯಿತೇ?

ಲಕ್ವ, ಅಂದರೆ ಪಾರ್ಶ್ವವಾಯು, ನೋಟಕ್ಕೆ ಕೈಕಾಲುಗಳ ರೋಗ. ಅದರ ಮೂಲವಿರುವುದು ಮಿದುಳಿನಲ್ಲಿ. ಮಿದುಳಿಗೆ ರಕ್ತವನ್ನು ಒಯ್ಯುವ ನಾಳವೊಂದು ಮುಚ್ಚಿಕೊಂಡರೆ ಅಥವಾ ಒಡೆದುಹೋದರೆ, ಆ ಭಾಗದ ಜೀವಕೋಶಗಳು ಸಾಯುತ್ತವೆ. ಮಿದುಳಿನ ಎಡ ಅರ್ಧವು ದೇಹದ ಬಲಭಾಗವನ್ನೂ ಬಲ ಅರ್ಧವು ಎಡಭಾಗವನ್ನೂ ನಡೆಸುವುದರಿಂದ, ಎಡಗಡೆ ಪೆಟ್ಟಾದರೆ ಬಲಗೈ ಸೋಲುತ್ತದೆ. ಕೆನಡಾದಲ್ಲಿ ನೆಲೆಸಿದ್ದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಅವರು ಮಿದುಳಿನ ಹೊರಪದರದ ನಕ್ಷೆಯನ್ನು ರಚಿಸಿದಾಗ, ಕೈಗೆ ಮೀಸಲಾದ ಜಾಗವು ಇಡೀ ಮುಂಡಕ್ಕೆ ಮೀಸಲಾದುದಕ್ಕಿಂತ ಎಷ್ಟೋ ದೊಡ್ಡದೆಂದು ಕಂಡುಬಂದಿತು. ಕೈಯ ಕೆಲಸವು ಅಷ್ಟು ಸೂಕ್ಷ್ಮವಾದುದು. ಆದುದರಿಂದಲೇ ಕಾಲು ನಡೆಯತೊಡಗಿದ ಮೇಲೂ ಕೈ ಹಿಂದುಳಿಯುವುದುಂಟು.

ಸತ್ತ ಜೀವಕೋಶಗಳು ಮರಳಿ ಬರಲಾರವು. ಹಾಗಾದರೆ ಕೈ ಚೇತರಿಸಿಕೊಳ್ಳುವುದು ಹೇಗೆ? ಭಾನುವಾರದ ಮೆಗಾಬ್ಲಾಕ್ ನಿಮಗೆಲ್ಲ ಪರಿಚಿತವೇ. ವೇಗದ ಹಳಿಯನ್ನು ಮುಚ್ಚಿದಾಗ ಗಾಡಿಗಳು ನಿಧಾನದ ಹಳಿಯ ಮೇಲೆ ಸಾಗಿ, ತಡವಾದರೂ ಊರು ಸೇರುತ್ತವೆ. ಮಿದುಳೂ ಹೀಗೆಯೇ ಉಳಿದ ಜೀವಕೋಶಗಳ ನಡುವೆ ಹೊಸ ದಾರಿಗಳನ್ನು ಮಾಡಿಕೊಳ್ಳುತ್ತದೆ. ಆದರೆ ಆ ದಾರಿ ಮೂಡುವುದು ಅದರ ಮೇಲೆ ನಡೆದರೆ ಮಾತ್ರ. ಅಮೆರಿಕೆಯ ವಿಜ್ಞಾನಿ ಎಡ್ವರ್ಡ್ ಟಾಬ್ ಅವರು ಕೋತಿಗಳಲ್ಲಿ ಒಂದು ವಿಚಿತ್ರವನ್ನು ಕಂಡರು. ಸ್ಪರ್ಶಜ್ಞಾನ ಕಳೆದುಕೊಂಡ ತೋಳನ್ನು ಆಡಿಸುವ ಶಕ್ತಿಯಿದ್ದರೂ ಕೋತಿಯು ಅದನ್ನು ಬಳಸುತ್ತಿರಲಿಲ್ಲ; ಒಳ್ಳೆಯ ತೋಳನ್ನು ಕಟ್ಟಿಹಾಕಿದಾಗ ಮಾತ್ರ ಬಳಸಿತು. ಮೊದಮೊದಲ ಸೋಲುಗಳಿಂದ ಬೇಸತ್ತು ಅದು ಆ ತೋಳನ್ನು ಬಳಸದಿರುವುದನ್ನೇ ಕಲಿತುಬಿಟ್ಟಿತ್ತು! ಮನುಷ್ಯರ ಕೈಗೂ ಇದೇ ಗತಿ ಒದಗುವುದುಂಟು. ಓಡಿಬಂದು ನೀರು ಕುಡಿಸುವ ಮೊಮ್ಮಗನು ತನಗರಿಯದೆಯೇ ಅಜ್ಜಿಗೆ ಈ ಪಾಠವನ್ನೇ ಕಲಿಸುತ್ತಿರುವನು.

ದಿನನಿತ್ಯದ ಕೆಲಸಗಳನ್ನೇ ಔಷಧವನ್ನಾಗಿ ಬಳಸುವ ಶಾಸ್ತ್ರಕ್ಕೆ ಆಕ್ಯುಪೇಷನಲ್ ಥೆರಪಿ ಎಂದು ಹೆಸರು. ಭಾರತದಲ್ಲಿ ಅದರ ಮೊದಲ ಶಾಲೆ ತೆರೆದುದು ನಮಗೆ ಸಮೀಪದ ಮುಂಬಯಿಯ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ, ೧೯೫೦ರಲ್ಲಿ. ಅಮೆರಿಕೆಯಲ್ಲಿ ಹುಟ್ಟಿ ಭಾರತಕ್ಕೆ ಸೊಸೆಯಾಗಿ ಬಂದ ಕಮಲಾ ನಿಂಬಕರ್ ಅವರು ಅದರ ಸ್ಥಾಪಕರು. ೧೯೫೫ರಲ್ಲಿ ಹಾಜಿ ಅಲಿಯ ಬಳಿ ಅಂಗವಿಕಲರ ಪುನಶ್ಚೇತನಕ್ಕಾಗಿಯೇ ಅಖಿಲ ಭಾರತ ಸಂಸ್ಥೆಯೊಂದು ಸ್ಥಾಪನೆಯಾಯಿತು. ಆದರೆ ಲಕ್ವ ಹೊಡೆದ ವೃದ್ಧರು ಗಾಡಿಯ ನೂಕುನುಗ್ಗಲಿನಲ್ಲಿ ದಿನವೂ ಅಲ್ಲಿಗೆ ಹೋಗಬಲ್ಲರೇ? ಆದುದರಿಂದ ಚಿಕಿತ್ಸಕರು ಹೇಳಿಕೊಟ್ಟುದನ್ನು ಮನೆಯಲ್ಲಿ ನಡೆಸಿಕೊಂಡು ಬರುವುದು ಅಗತ್ಯ.

ಮನೆಯ ಅಭ್ಯಾಸದಲ್ಲಿ ಮುಖ್ಯವಾದುದು ಪುನರಾವೃತ್ತಿ. ಚಿಕಿತ್ಸಾಲಯಗಳಲ್ಲಿ ಎಣಿಸಿ ನೋಡಿದಾಗ, ಒಂದು ಅವಧಿಯಲ್ಲಿ ರೋಗಿಯ ಕೈಯು ಉದ್ದೇಶಪೂರ್ವಕವಾಗಿ ಕೆಲಸ ಮಾಡಿದುದು ಸರಾಸರಿ ೩೨ ಸಲ ಮಾತ್ರವೆಂದು ೨೦೦೯ರಲ್ಲಿ ಪ್ರಕಟವಾಯಿತು. ಪ್ರಾಣಿಗಳ ಮಿದುಳಿನಲ್ಲಿ ಬದಲಾವಣೆ ಕಂಡ ಪ್ರಯೋಗಗಳಲ್ಲಾದರೋ ದಿನಕ್ಕೆ ನೂರಾರು ಸಲ ಅಭ್ಯಾಸವಿತ್ತು. ಈ ಕೊರತೆಯನ್ನು ಮನೆಯ ಕೆಲಸಗಳು ತುಂಬಬಲ್ಲವು. ಮೇಜಿನ ಮೇಲೆ ಟವೆಲನ್ನು ಹಾಸಿ ಅಂಗೈಯಿಂದ ಮುಂದೆ ಹಿಂದೆ ಸರಿಸುವುದು, ಎರಡೂ ಕೈಗಳಿಂದ ಚಪಾತಿ ಲಟ್ಟಿಸುವುದು, ಬಟಾಣಿ ಸುಲಿಯುವುದು, ಲೋಟವನ್ನು ಹಿಡಿದು ಬಿಡುವುದು, ಇವೆಲ್ಲವೂ ವ್ಯಾಯಾಮಗಳೇ. ಹಿಡಿಯುವುದಕ್ಕಿಂತ ಬಿಡುವುದು ಎಷ್ಟೋ ಮಂದಿಗೆ ಕಷ್ಟ. ಬೆರಳುಗಳು ಮಡಚಿಕೊಂಡೇ ಬಿಗಿಯಾಗಿಬಿಡುತ್ತವೆ. ಆದುದರಿಂದ ಚಿಕಿತ್ಸಕರನ್ನು ಕೇಳದೆ ದಿನವಿಡೀ ರಬ್ಬರ್ ಚೆಂಡನ್ನು ಹಿಸುಕಿಸುವುದು ಸರಿಯಲ್ಲ.

ಬೆರಳುಗಳು ತುಸು ಆಡತೊಡಗಿದವರಿಗೆ ನಮ್ಮ ಚೆನ್ನೆಮಣೆಯೂ ಒಳ್ಳೆಯ ಗುರು. ಎರಡು ಸಾಲುಗಳಲ್ಲಿ ಏಳೇಳರಂತೆ ೧೪ ಗುಳಿಗಳು. ಗುಳಿಗೆ ನಾಲ್ಕರಂತೆ ಹುಣಿಸೆಬೀಜವಿಟ್ಟರೆ ೫೬ ಬೀಜಗಳು. ಒಂದೊಂದನ್ನೇ ಹೆಬ್ಬೆರಳು ತೋರುಬೆರಳುಗಳಿಂದ ಎತ್ತಿ ಗುಳಿ ತುಂಬುವಷ್ಟರಲ್ಲಿಯೇ ೫೬ ಸಲ ಅಭ್ಯಾಸವಾಯಿತು. ಎದುರಿಗೆ ಮೊಮ್ಮಗನು ಆಡಲು ಕುಳಿತರೆ ಅಜ್ಜಿಗೆ ಅದು ಚಿಕಿತ್ಸೆಯೆಂಬುದೂ ಮರೆತುಹೋಗುವುದು.

ಬೆರಳುಗಳು ಅಲುಗಾಡದವರಿಗೆ ಕನ್ನಡಿಯ ಉಪಾಯವುಂಟು. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕೆಯಲ್ಲಿ ನೆಲೆಸಿದ ವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅವರು ಇದನ್ನು ಮೊದಲು ಬಳಸಿದುದು ಕೈ ಕತ್ತರಿಸಿಹೋದವರ ನೋವಿಗಾಗಿ. ೧೯೯೯ರಲ್ಲಿ ಅವರೂ ಸಂಗಡಿಗರೂ ಲಕ್ವದ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದರು. ಎರಡು ಕೈಗಳ ನಡುವೆ ಕನ್ನಡಿಯನ್ನು ನಿಲ್ಲಿಸಿ, ಸೋತ ಕೈಯನ್ನು ಅದರ ಹಿಂದಿಟ್ಟು, ಒಳ್ಳೆಯ ಕೈಯನ್ನು ಆಡಿಸುತ್ತ ಪ್ರತಿಬಿಂಬವನ್ನು ನೋಡಬೇಕು. ಸೋತ ಕೈಯೇ ಆಡುತ್ತಿರುವಂತೆ ತೋರುವ ಆ ನೋಟವು ಮಿದುಳಿಗೆ ಪ್ರಚೋದನೆಯನ್ನೀಯುತ್ತದೆ.

ಆದರೂ ಮನೆಮಂದಿಯೇ ವೈದ್ಯರಾಗಲಾರರು. ಭಾರತದ ೧೪ ಆಸ್ಪತ್ರೆಗಳ ೧೨೫೦ ರೋಗಿಗಳಲ್ಲಿ ಮನೆಯವರಿಗೆ ತರಬೇತಿಯಿತ್ತು ಪರೀಕ್ಷಿಸಿದಾಗ, ಆರು ತಿಂಗಳ ಬಳಿಕ ಅವರ ಸ್ಥಿತಿಯು ವಾಡಿಕೆಯ ಚಿಕಿತ್ಸೆ ಪಡೆದವರಿಗಿಂತ ಮೇಲಾಗಿರಲಿಲ್ಲವೆಂದು ೨೦೧೭ರಲ್ಲಿ ತಿಳಿದುಬಂದಿತು. ಆದುದರಿಂದ ಚಿಕಿತ್ಸಕರ ಮಾರ್ಗದರ್ಶನವನ್ನು ಬಿಡಬಾರದು. ಸೋತ ಕೈಯನ್ನು ಹಿಡಿದೆಳೆದು ಎಬ್ಬಿಸಬೇಡಿರಿ, ಭುಜದ ಕೀಲು ಜಾರೀತು. ನೋವಾದರೆ ನಿಲ್ಲಿಸಿರಿ. ಸ್ಪರ್ಶ ತಿಳಿಯದ ಕೈಯನ್ನು ಬೆಂಕಿಯಿಂದಲೂ ಬಿಸಿನೀರಿನಿಂದಲೂ ದೂರವಿಡಿರಿ. ಯಾರಿಗಾದರೂ ಹಠಾತ್ತನೆ ಮುಖ ಸೊಟ್ಟಗಾದರೆ, ಕೈ ಜೋತುಬಿದ್ದರೆ ಅಥವಾ ಮಾತು ತೊದಲಿದರೆ, ಕ್ಷಣವೂ ತಡಮಾಡದೆ ೧೦೮ಕ್ಕೆ ಫೋನ್ ಮಾಡಿರಿ.

ಎಲ್ಲ ಕೈಗಳೂ ಮೊದಲಿನಂತಾಗುವುದಿಲ್ಲವೆಂಬುದನ್ನೂ ಹೇಳಬೇಕು. ಲೂಯಿ ಪಾಶ್ಚರರಿಗೆ ೧೮೬೮ರಲ್ಲಿ ಲಕ್ವ ಹೊಡೆದು ಎಡಭಾಗ ಸೋತಿತು. ಎಡಗೈ ಪೂರ್ಣವಾಗಿ ಮರಳಲೇ ಇಲ್ಲ. ಆದರೂ ೧೮೮೫ರಲ್ಲಿ ಹುಚ್ಚುನಾಯಿ ಕಡಿದ ಬಾಲಕನಿಗೆ ಲಸಿಕೆ ಹಾಕಿಸಿ ಉಳಿಸಿದವರು ಅವರೇ.

ಇನ್ನೊಮ್ಮೆ ಅಜ್ಜಿಯು ಲೋಟದ ಕಡೆಗೆ ಕೈ ಚಾಚಿದಾಗ ಮೊಮ್ಮಗನು ಏನು ಮಾಡಬೇಕು? ಲೋಟದಲ್ಲಿ ಅರ್ಧ ಮಾತ್ರ ನೀರು ತುಂಬಿಟ್ಟು ಪಕ್ಕದಲ್ಲಿ ಕುಳಿತಿರಬೇಕು. ನೀರು ಚೆಲ್ಲಿದರೆ ಒರೆಸಬೇಕು, ಗದರಬಾರದು, ನಗಬಾರದು. ಅವಸರಪಡದೆ ಕಾಯಬೇಕು. ಆ ಕಾಯುವಿಕೆಯೇ ಅವನು ಅಜ್ಜಿಗೆ ಮಾಡುವ ಸೇವೆ.