ಆಪರೇಷನ್ ಆಯ್ತು, ಕೀಮೋ ಬೇಕಾ?

ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆ ತೆಗೆದ ಮೇಲೂ ಮನೆಯವರದು ಒಂದೇ ಪ್ರಶ್ನೆ: 'ಪೂರ್ತಿ ಹೋಯ್ತಾ ಡಾಕ್ಟ್ರೇ?' ಎರಡನೇ ಹಂತದಲ್ಲಿ ಬಹುತೇಕರು ಆಪರೇಷನ್‌ನಿಂದಲೇ ಗುಣವಾಗುತ್ತಾರೆ. ಉಳಿದವರು ಯಾರು ಅನ್ನೋದೇ ಕಗ್ಗಂಟು.

ರೋಗ ಎಲ್ಲೋ ಉಳಿದಿದ್ದರೆ ಅದರ ಡಿಎನ್‌ಎ ಚೂರುಗಳು ರಕ್ತದಲ್ಲಿ ಸಿಗಬಹುದು. ಎಂಜಿನಿಯರಿಂಗ್ ಓದಿದ ನನಗೆ ಇದು ಗದ್ದಲದ ನಡುವೆ ಸಿಗ್ನಲ್ ಹುಡುಕಿದ ಹಾಗೆ. 2022ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ 'ಡೈನಾಮಿಕ್' ಅಧ್ಯಯನದಲ್ಲಿ 455 ರೋಗಿಗಳಿದ್ದರು. ಈ ರಕ್ತಪರೀಕ್ಷೆ ನೋಡಿ ತೀರ್ಮಾನಿಸಿದ ಗುಂಪಿನಲ್ಲಿ ಶೇ. 15 ಮಂದಿಗೆ ಕೀಮೋ ಕೊಟ್ಟರು. ಮಾಮೂಲಿ ಪದ್ಧತಿಯ ಗುಂಪಿನಲ್ಲಿ ಶೇ. 28. ಎರಡು ವರ್ಷ ರೋಗ ಮರಳದೆ ಬದುಕಿದವರು? ಕ್ರಮವಾಗಿ ಶೇ. 93.5 ಮತ್ತು ಶೇ. 92.4. ಹೆಚ್ಚುಕಮ್ಮಿ ಒಂದೇ!

ಹಾಗಂತ ನೀವಾಗೇ ಕೀಮೋ ನಿಲ್ಲಿಸಬೇಡಿ. ಟೆಸ್ಟ್ ನೆಗೆಟಿವ್ ಬಂದ ಕೆಲವರಿಗೂ ರೋಗ ಮರಳಿದ್ದುಂಟು. ಆದ್ರೆ ಡಾಕ್ಟ್ರನ್ನ ಧೈರ್ಯವಾಗಿ ಕೇಳಿ: 'ನಮ್ಮಪ್ಪಂಗೆ ಇದ್ರಿಂದ ಎಷ್ಟು ಲಾಭ?'