ತೋಟಾದ ಹಿತ್ತಾಳೆಯೂ ಮಳೆಗಾಲದ ಬಿರುಕೂ

ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿಯು ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡದೆ ಹಣ ಕೊಡುವುದಿಲ್ಲ. ಗಟ್ಟಿ ಮಡಕೆಯ ನಾದವೇ ಬೇರೆ, ಸೀಳುಬಿಟ್ಟ ಮಡಕೆಯ ದನಿಯೇ ಬೇರೆ. ಕಣ್ಣಿಗೆ ಕಾಣದ ಬಿರುಕನ್ನು ಕಿವಿಯು ಹಿಡಿಯುತ್ತದೆ. ಅಮೆರಿಕದಲ್ಲಿ ಪಿಸ್ತೂಲಿನಿಂದ ಗುರಿಯಾಟವಾಡುವ ಹವ್ಯಾಸಿಗಳೂ ಇದೇ ಉಪಾಯವನ್ನು ಅನುಸರಿಸುವುದುಂಟು. ಹಾರಿಸಿ ಬರಿದಾದ ತೋಟಾದ ಹಿತ್ತಾಳೆ ಕೋಶಗಳನ್ನು ಅವರು ಅಂಗೈಯಲ್ಲಿಟ್ಟು ಕುಲುಕುತ್ತಾರೆ. ಸೀಳಿದ ಕೋಶವೊಂದು ಅವುಗಳಲ್ಲಿದ್ದರೆ ಸದ್ದು ಬೇರೆಯಾಗಿ ಕೇಳಿಸುತ್ತದೆ. ಅದನ್ನು ಎಸೆದು ಉಳಿದವನ್ನು ಮತ್ತೆ ತುಂಬಲು ಇಟ್ಟುಕೊಳ್ಳುತ್ತಾರೆ. ಗಟ್ಟಿಯಾದ ಹಿತ್ತಾಳೆಯು ಸೀಳುವುದೇಕೆ? ಈ ಪ್ರಶ್ನೆಗೂ ನಮ್ಮ ದೇಶದ ಮಳೆಗಾಲಕ್ಕೂ ಹತ್ತಿರದ ಸಂಬಂಧವಿದೆ.

ತೋಟಾಕ್ಕೆ ನಾಲ್ಕು ಅಂಗಗಳು: ತುದಿಯ ಗುಂಡು, ಒಳಗಿನ ಮದ್ದು, ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪು ಮತ್ತು ಇವೆಲ್ಲವನ್ನೂ ಹಿಡಿದಿರುವ ಹಿತ್ತಾಳೆಯ ಕೋಶ. ಒಮ್ಮೆ ಹಾರಿಸಿದರೆ ಮೊದಲ ಮೂರರ ಕೆಲಸ ಮುಗಿಯಿತು. ಕೋಶ ಮಾತ್ರ ಉಳಿಯುತ್ತದೆ. ಅದನ್ನು ಮರಳಿ ಬಳಸಲು ಹವ್ಯಾಸಿಗಳು ಮೇಜಿಗೆ ಬಿಗಿದುಕೊಳ್ಳುವ ಯಂತ್ರಗಳಲ್ಲಿ ಒಂದು ‘ಟರೆಟ್ ಪ್ರೆಸ್’. ಇದರ ತಲೆಯ ಮೇಲೆ ತಿರುಗುವ ಲೋಹದ ಬಿಲ್ಲೆಯೊಂದಿದ್ದು, ಅದರಲ್ಲಿ ಮೂರು ನಾಲ್ಕು ಅಚ್ಚುಗಳನ್ನು ತಿರುಪಿ ಕೂರಿಸಿರುತ್ತಾರೆ. ಹಿಡಿಯನ್ನು ಎಳೆದರೆ, ಕೋಶವನ್ನು ಹೊತ್ತ ದಂಡವು ಮೇಲೇರಿ ಅದನ್ನು ಅಚ್ಚಿನೊಳಕ್ಕೆ ನೂಕುತ್ತದೆ. ಮೊದಲನೆಯ ಅಚ್ಚು ಉಬ್ಬಿದ ಕೋಶವನ್ನು ಒತ್ತಿ ಕಿರಿದುಮಾಡಿ ಹಳೆಯ ಕೇಪನ್ನು ಹೊರದೂಡುತ್ತದೆ. ಎರಡನೆಯದು ಬಾಯಿಯನ್ನು ತುಸು ಅರಳಿಸುತ್ತದೆ. ಮದ್ದನ್ನು ಅಳೆದು ಹಾಕಿದ ಮೇಲೆ ಮೂರನೆಯದು ಗುಂಡನ್ನು ಕೂರಿಸುತ್ತದೆ. ನಾಲ್ಕನೆಯದು ಬಾಯಿಯನ್ನು ಬಿಗಿಮಾಡುತ್ತದೆ. ಅಚ್ಚುಗಳ ಎತ್ತರವನ್ನು ಒಮ್ಮೆ ಸರಿಯಾಗಿ ಹೊಂದಿಸಿ ಬಳೆಗಳಿಂದ ಬಿಗಿದರೆ, ಮುಂದೆ ಬಿಲ್ಲೆಯನ್ನು ತಿರುಗಿಸುವುದಷ್ಟೇ ಕೆಲಸ.

ಬರಿಗೈಯ ಬಲಕ್ಕೆ ಲೋಹವು ಮಣಿಯುವುದು ಹೇಗೆ? ಇದು ಸನ್ನೆಯ ಮಹಿಮೆ. ಹಿಡಿಯ ತುದಿ 50 ಸೆಂಟಿಮೀಟರು ಚಲಿಸುವಷ್ಟರಲ್ಲಿ ದಂಡವು 10 ಸೆಂಟಿಮೀಟರು ಏರುವುದೆಂದು ಭಾವಿಸೋಣ. ಘರ್ಷಣೆಯನ್ನು ಗಣಿಸದಿದ್ದರೆ, ಕೈಯ ಬಲವು ಸರಾಸರಿ 5 ಪಾಲಾಗುತ್ತದೆ. ಆದರೆ ಕೊಂಡಿಗಳು ನೆಟ್ಟಗಾಗುತ್ತ ಬಂದಂತೆ ಹಿಡಿಯ ಅಷ್ಟೇ ಚಲನೆಗೆ ದಂಡವು ಏರುವ ದೂರ ಕಡಿಮೆಯಾಗುತ್ತದೆ. ದೂರ ಕುಗ್ಗಿದಷ್ಟೂ ಬಲ ಹಿಗ್ಗುವುದು. ಆದುದರಿಂದ ಹೆಚ್ಚು ಬಲ ಬೇಕಾದ ಕೊನೆಯ ಗಳಿಗೆಯಲ್ಲಿಯೇ ಅದು ಹೆಚ್ಚಾಗಿ ದೊರೆಯುತ್ತದೆ.

ಇನ್ನು ಹಿತ್ತಾಳೆಯ ವಿಷಯ. 9 ಮಿಲಿಮೀಟರು ಪಿಸ್ತೂಲಿನ ತೋಟಾ ಸಿಡಿದಾಗ ಕೋಶದೊಳಗಿನ ಒತ್ತಡವು ವಾಯುಮಂಡಲದ ಒತ್ತಡದ ಸುಮಾರು 2,400 ಪಾಲಿನವರೆಗೆ ಏರಬಹುದು. ಆಗ ತೆಳುವಾದ ಕೋಶವು ಉಬ್ಬಿ ಉಕ್ಕಿನ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಬಿಸಿ ಅನಿಲವು ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ಕೊಳವೆಯೂ ಕೋಶವೂ ಕುಗ್ಗುತ್ತವೆ. ಹಿತ್ತಾಳೆಯ ಸ್ಥಿತಿಸ್ಥಾಪಕ ಗುಣಾಂಕವು ಉಕ್ಕಿನದರ ಸುಮಾರು ಅರ್ಧ. ಎಂದರೆ, ಸಮನಾದ ಪ್ರತಿಬಲವನ್ನು ತೆಗೆದಾಗ ಹಿತ್ತಾಳೆಯು ಇಮ್ಮಡಿ ಹಿಂದೆಗೆಯುತ್ತದೆ. ಆದುದರಿಂದಲೇ ಕೋಶವು ಗೋಡೆಯಿಂದ ಬಿಡಿಸಿಕೊಂಡು ಸುಲಭವಾಗಿ ಹೊರಬರುತ್ತದೆ. ಮೆತ್ತಗಿನ ಲೋಹವಾಗಿದ್ದರೆ ಉಬ್ಬಿದಂತೆಯೇ ಉಳಿದು ಸಿಕ್ಕಿಕೊಳ್ಳುತ್ತಿತ್ತು.

ಆದುದರಿಂದ ಹಿತ್ತಾಳೆಯು ಗಡುಸಾಗಿರಬೇಕು. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವಿರುವ ಈ ಮಿಶ್ರಲೋಹವನ್ನು ತಣ್ಣಗಿರುವಾಗಲೇ ಅಚ್ಚುಗಳ ಮೂಲಕ ಒತ್ತಿ ಎಳೆದರೆ ಅದು ಗಡುಸಾಗುತ್ತದೆ. ಲೋಹದ ಸ್ಫಟಿಕಗಳಲ್ಲಿ ಪದರಗಳು ಜಾರಿ ಜಾರಿ ಒಂದಕ್ಕೊಂದು ತೊಡಕಾಗುವುದೇ ಇದಕ್ಕೆ ಕಾರಣ. ಬಡಿದ ಪಾತ್ರೆಯನ್ನು ನಡುನಡುವೆ ಕಾಸದಿದ್ದರೆ ಅದು ಒಡೆಯುವುದೆಂದು ನಮ್ಮ ಕಂಚುಗಾರರು ಬಲ್ಲರು. ತಾಮ್ರದ ತಂತಿಯೊಂದನ್ನು ಹತ್ತಾರು ಸಲ ಬಾಗಿಸಿ ನೋಡಿದರೆ ವಾಚಕರಿಗೂ ಇದು ಮನದಟ್ಟಾಗುವುದು. ಆದರೆ ಗಡುಸಿನೊಡನೆ ಒಂದು ದೋಷವೂ ಸೇರಿ ಬರುತ್ತದೆ. ಹೊರಗಿನಿಂದ ಯಾವ ಬಲವೂ ಇಲ್ಲದಿದ್ದಾಗಲೂ ಲೋಹದ ಕೆಲವು ಭಾಗಗಳು ಎಳೆದ ಬಿಲ್ಲಿನ ಹೆದೆಯಂತೆ ಬಿಗಿದುಕೊಂಡೇ ಇರುತ್ತವೆ. ಇದನ್ನು ಉಳಿಕೆಯ ಪ್ರತಿಬಲವೆನ್ನಬಹುದು.

ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಭಾರತದ ಸೈನ್ಯದ ಉಗ್ರಾಣಗಳಲ್ಲಿ ಒಂದು ವಿಚಿತ್ರ ಸಂಗತಿ ಕಂಡುಬಂದಿತು. ಎಂದೂ ಹಾರಿಸದ ತೋಟಾಗಳ ಕೋಶಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕುಬಿಡುತ್ತಿದ್ದವು. ಕುದುರೆಲಾಯಗಳ ಬಳಿ ಇಟ್ಟಿದ್ದ ತೋಟಾಗಳಿಗೆ ಇದು ತಗಲುತ್ತಿತ್ತು. ಇಂತಹ ಬಿರುಕಿಗೆ ‘ಋತುಬಿರುಕು’ ಎಂಬರ್ಥದ ಹೆಸರೇ ಇಂಗ್ಲಿಷಿನಲ್ಲಿ ನಿಂತಿತು. ಸೀಳಿದ ಕೋಶವು ಅನಿಲವನ್ನು ತಡೆಯಲಾರದು. ಬಂದೂಕಿನ ಹಿಂದೆ ಮುಖವಿಟ್ಟ ಸೈನಿಕನಿಗೆ ಅದರಿಂದ ಅಪಾಯ. 1921ರಲ್ಲಿ ಇಂಗ್ಲೆಂಡಿನ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬವರು ಇದರ ಕಾರಣವನ್ನು ವಿವರಿಸಿದರು. ಅಪರಾಧಿ ಅಮೋನಿಯ!

ದನದ ಕೊಟ್ಟಿಗೆಯ ಘಾಟು ನಮಗೆಲ್ಲ ಪರಿಚಿತವೇ. ಮೂತ್ರದಲ್ಲಿರುವ ಯೂರಿಯವನ್ನು ಸೂಕ್ಷ್ಮಜೀವಿಗಳು ವಿಭಜಿಸಿದಾಗ ಈ ಅಮೋನಿಯ ಹುಟ್ಟುತ್ತದೆ. ಮಳೆಗಾಲದ ತೇವವು ಹಿತ್ತಾಳೆಯ ಮೇಲೆ ತೆಳುವಾದ ನೀರಿನ ಪೊರೆಯಾಗಿ ಕೂತಾಗ ಅಮೋನಿಯವು ಅದರಲ್ಲಿ ಕರಗುತ್ತದೆ. ಗಾಳಿಯ ಆಮ್ಲಜನಕದ ನೆರವಿನಿಂದ ಅದು ತಾಮ್ರವನ್ನು ಕರಗಿಸತೊಡಗುತ್ತದೆ. ಪ್ರಯೋಗಶಾಲೆಯಲ್ಲಿ ತಾಮ್ರದ ಲವಣದ ದ್ರಾವಣಕ್ಕೆ ಅಮೋನಿಯವನ್ನು ಧಾರಾಳವಾಗಿ ಸೇರಿಸಿದಾಗ ಮೂಡುವ ಕಡುನೀಲಿಯನ್ನು ವಿದ್ಯಾರ್ಥಿಗಳು ಕಂಡಿರಬಹುದು. ಆ ನೀಲಿಗೆ ಕಾರಣವಾದ ಸಂಯುಕ್ತವೇ ಇಲ್ಲಿಯೂ ಹುಟ್ಟುವುದು. ಸ್ಫಟಿಕಕಣಗಳ ನಡುವಣ ಗಡಿಗಳಲ್ಲಿ ಈ ಕೊರೆತ ಹೆಚ್ಚು. ಒಳಗೆ ಅಡಗಿದ್ದ ಪ್ರತಿಬಲವು ಸಣ್ಣ ಕೊರೆತವನ್ನು ಎಳೆದು ಬಿಡಿಸುತ್ತದೆ. ಬಿರುಕಿನ ಮೊನೆಯಲ್ಲಿಯೇ ಪ್ರತಿಬಲವು ಸಾಂದ್ರವಾಗುವುದರಿಂದ ಅದು ಆಳಕ್ಕಿಳಿಯುತ್ತದೆ. ಪ್ರತಿಬಲ, ಅಮೋನಿಯ, ತೇವ ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಈ ಬಿರುಕು ಹುಟ್ಟದು.

ಪರಿಹಾರವೂ ಇದರಿಂದಲೇ ಹೊಳೆಯಿತು. ಕೋಶವನ್ನು ಸುಮಾರು 250 ಡಿಗ್ರಿ ಸೆಂಟಿಗ್ರೇಡಿಗೆ ಕಾಸಿ ಕೆಲಹೊತ್ತು ಇರಿಸಿದರೆ ಉಳಿಕೆಯ ಪ್ರತಿಬಲದ ಬಹುಭಾಗ ಸಡಿಲವಾಗುತ್ತದೆ; ಬೇಕಾದ ಗಡುಸು ಮಾತ್ರ ಹಾಗೆಯೇ ನಿಲ್ಲುತ್ತದೆ. ಇನ್ನೂ ಹೆಚ್ಚು ಕಾಸಿದರೆ ಹೊಸ ಸ್ಫಟಿಕಗಳು ಹುಟ್ಟಿ ಲೋಹವು ಮೆತ್ತಗಾಗುವುದು.

ಕೋಶಗಳನ್ನು ಮತ್ತೆ ತುಂಬುವ ಹವ್ಯಾಸಿಗಳಿಗೂ ಇದೇ ಪಾಠ. ಪ್ರತಿ ಬಾರಿ ಉಬ್ಬಿ, ಪ್ರತಿ ಬಾರಿ ಅಚ್ಚಿನಲ್ಲಿ ಕುಗ್ಗುವ ಹಿತ್ತಾಳೆಯು ಗಡುಸಾಗುತ್ತ ಹೋಗಿ ಕೊನೆಗೆ ಬಾಯಿಯ ಬಳಿ ಸೀಳುತ್ತದೆ. ಅಮೋನಿಯ ಬೆರೆತ ಹೊಳಪುದ್ರಾವಣದಿಂದ ಕೋಶಗಳನ್ನು ಉಜ್ಜಬಾರದೆಂಬ ಎಚ್ಚರಿಕೆಯೂ ಇದರಿಂದಲೇ ಬಂದುದು. ಆ ಕೆಲಸದ ಅಪಾಯ ಇಷ್ಟಕ್ಕೇ ಮುಗಿಯುವುದಿಲ್ಲ. ಕೈತಪ್ಪಿ ಒಂದೇ ಕೋಶಕ್ಕೆ ಎರಡು ಸಲ ಮದ್ದು ಬಿದ್ದರೆ ಪಿಸ್ತೂಲೇ ಸಿಡಿಯಬಹುದು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವಂತಿಲ್ಲ. ಆದರೆ ಹಿತ್ತಾಳೆಯ ಗುಣವನ್ನು ಅರಿಯಲು ತೋಟಾ ಬೇಕಿಲ್ಲ. ಅಟ್ಟದ ಮೇಲಿನ ಹಳೆಯ ಚೊಂಬನ್ನು ಇಳಿಸಿ, ಬೆರಳಿನಿಂದ ಒಮ್ಮೆ ತಟ್ಟಿ ಕಿವಿಗೊಟ್ಟರೆ, ಅದರ ಆರೋಗ್ಯವನ್ನು ಅದೇ ಹೇಳುತ್ತದೆ.