ತಂತ್ರಾಂಶದಲ್ಲಿ ಮನೆಯ ವಿಳಾಸ

ಯುನಿಕ್ಸ್ ಪರಂಪರೆಗೆ ಸೇರಿದ ಗಣಕವ್ಯವಸ್ಥೆಗಳಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ತನ್ನದೇ ಆದ ಒಂದು ಕಡತಕೋಶವುಂಟು. ಇದಕ್ಕೆ ಹೋಮ್ ಡೈರೆಕ್ಟರಿ, ಎಂದರೆ ಮನೆಕೋಶವೆಂದು ಹೆಸರು. ಅವನ ಬರಹಗಳೂ, ಉಪಕರಣಗಳು ಹೇಗೆ ವರ್ತಿಸಬೇಕೆಂದು ಅವನು ಮಾಡಿಕೊಂಡ ಏರ್ಪಾಡುಗಳೂ ಅಲ್ಲಿಯೇ ನೆಲೆಸಿರುವುವು. ಲಿನಕ್ಸಿನಲ್ಲಿ ರಾಮನೆಂಬವನ ಮನೆಕೋಶವು ಸಾಮಾನ್ಯವಾಗಿ ‘/ಹೋಮ್/ರಾಮ’ ಎಂಬ ಪಥದಲ್ಲಿರುವುದು. ತಂತ್ರಾಂಶವನ್ನು ರಚಿಸುವವನು ತನ್ನ ಮನೆಕೋಶದ ಈ ಪಥವನ್ನು ಅಕ್ಷರಶಃ ರಚನೆಯೊಳಗೆ ಬರೆದುಬಿಡುವುದು ಬಹುಕಾಲದಿಂದ ಕಂಡುಬರುವ ದೋಷ. ಅವನ ಯಂತ್ರದಲ್ಲಿ ಅದು ಎಂದೂ ತಪ್ಪದಾದುದರಿಂದ ಅವನ ಕಣ್ಣಿಗೆ ಬೀಳುವುದಿಲ್ಲ. ಪರರ ಯಂತ್ರದಲ್ಲಿ ಪ್ರಕಟವಾಗುವುದು.

ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ, ಇದು ಸರ್ವನಾಮವಿರಬೇಕಾದೆಡೆಯಲ್ಲಿ ಅಂಕಿತನಾಮವನ್ನಿಟ್ಟಂತೆ. ‘ಪ್ರತಿಯೊಬ್ಬನೂ ತನ್ನ ಮನೆಗೆ ಹೋಗಲಿ’ ಎಂಬಲ್ಲಿ ‘ತನ್ನ’ ಎಂಬುದರ ಅರ್ಥವು ಕರ್ತೃವನ್ನನುಸರಿಸಿ ಬದಲಾಗುವುದು. ಅಲ್ಲಿ ‘ರಾಮನ’ ಎಂದಿಟ್ಟರೆ ಊರಿನವರೆಲ್ಲರೂ ರಾಮನ ಬಾಗಿಲಿನಲ್ಲಿ ನೆರೆಯಬೇಕಾದೀತು.

‘/ಹೋಮ್/’ ಎಂದು ಬರೆದು ಅದಕ್ಕೆ ಬಳಕೆದಾರನ ಹೆಸರನ್ನು ಸೇರಿಸುವುದೂ ಪರಿಹಾರವಾಗದು. ಮ್ಯಾಕ್ ವ್ಯವಸ್ಥೆಯಲ್ಲಿ ಮನೆಕೋಶಗಳು ‘/ಯೂಸರ್ಸ್’ ಎಂಬಲ್ಲಿರುವುವು. ಲಿನಕ್ಸಿನಲ್ಲಿಯೇ ‘ರೂಟ್’ ಎಂಬ ಸರ್ವಾಧಿಕಾರಿಯ ಮನೆಯು ‘/ರೂಟ್’. ಲಿನಕ್ಸಿನ ಕಡತಗಳ ವಿನ್ಯಾಸವನ್ನು ನಿರೂಪಿಸುವ ಪ್ರಮಾಣಗ್ರಂಥದ 2015ರ ಆವೃತ್ತಿಯು, ಮನೆಕೋಶದ ಸ್ಥಳವನ್ನು ಯಾವ ತಂತ್ರಾಂಶವೂ ಊಹಿಸಬಾರದು, ಕೇಳಿ ತಿಳಿಯಬೇಕು ಎಂದು ವಿಧಿಸಿದೆ.

ಕೇಳುವ ಬಗೆ ಎರಡು. ಮೊದಲನೆಯದು ‘ಹೋಮ್’ ಎಂಬ ಪರಿಸರ ಚರ. 1979ರ ಯುನಿಕ್ಸ್ 7ನೆಯ ಆವೃತ್ತಿಯಲ್ಲಿಯೇ ಇದು ಕಾಣುವುದು. ಎರಡನೆಯದು ಬಳಕೆದಾರರ ಪಟ್ಟಿ. ಅದರ ಪ್ರತಿಯೊಂದು ಪಂಕ್ತಿಯಲ್ಲಿಯೂ 7 ಅಂಶಗಳಿದ್ದು, 6ನೆಯದು ಮನೆಕೋಶದ ಪಥವಾಗಿರುವುದು. ಆ ಪಟ್ಟಿಯು ದೂರದ ಯಂತ್ರದಲ್ಲಿಯೂ ಇರಬಹುದಾದುದರಿಂದ, ಕಡತವನ್ನು ನೇರವಾಗಿ ಓದದೆ ವ್ಯವಸ್ಥೆಯು ಒದಗಿಸಿರುವ ಕರೆಯ ಮೂಲಕವೇ ವಿಚಾರಿಸುವುದು ಯುಕ್ತ.

‘~’ ಎಂಬ ಚಿಹ್ನೆಯು ‘ತನ್ನ ಮನೆ’ ಎಂಬುದಕ್ಕೆ ಸಮಾನ. ಆದರೆ ಅದನ್ನು ಬಿಡಿಸಿ ಅರ್ಥೈಸುವುದು ಶೆಲ್ ಎಂಬ ಆಜ್ಞಾವಾಚಕ. ಉದ್ಧರಣ ಚಿಹ್ನೆಗಳ ನಡುವೆ ಇಟ್ಟರೆ ಅದು ಬರಿಯ ಅಕ್ಷರವಾಗಿ ಉಳಿಯುವುದು. ಸಿಸ್ಟಮ್‌ಡಿಯ ಸೇವಾಕಡತಗಳಲ್ಲಿ ಇದೇ ಕಾರ್ಯಕ್ಕೆ ‘%ಎಚ್’ ಎಂಬ ಸಂಕೇತವಿದೆ.

ಕರ್ತೃವೇ ಸಂದಿಗ್ಧವಾದಾಗ ವಿಷಯವು ಜಟಿಲವಾಗುವುದು. ‘ಸುಡೊ’ ಎಂಬ ಆಜ್ಞೆಯಿಂದ ಸರ್ವಾಧಿಕಾರಿಯಾಗಿ ಸಾಧನವನ್ನು ನಡೆಯಿಸಿದವನಿಗೆ ‘ತನ್ನ ಮನೆ’ ಯಾವುದೆಂಬುದು ಆ ಯಂತ್ರದ ಏರ್ಪಾಡನ್ನವಲಂಬಿಸಿರುವುದು. ಆದುದರಿಂದ ಎಲ್ಲರಿಗೂ ಸಮಾನವಾದ ಸೇವೆಯು ಯಾರ ಮನೆಯನ್ನೂ ಆಶ್ರಯಿಸದೆ, ತನ್ನ ಏರ್ಪಾಡುಗಳನ್ನು ‘/ಎಟ್ಸಿ’ಯಲ್ಲಿಯೂ ದತ್ತಾಂಶವನ್ನು ‘/ವಾರ್/ಲಿಬ್’ನಲ್ಲಿಯೂ ಇಡತಕ್ಕದ್ದು.

ಇನ್ನು ‘ಹೋಮ್’ ಚರವು ಬರಿದಾಗಿರುವುದೂ ಉಂಟು. ಮನೆಕೋಶದೊಳಗಣ ಒಂದು ಉಪಕೋಶವನ್ನು ಅಳಿಸುವ ಆಜ್ಞೆಯಲ್ಲಿ ಹೀಗಾದರೆ, ಉಳಿದ ಪಥವು ಮೂಲಕೋಶದಿಂದಲೇ ಪ್ರಾರಂಭವಾಗಿ, ಅಳಿಯಬಾರದುದು ಅಳಿದುಹೋಗುವುದು. ಅಂಥಲ್ಲಿ ಸಾಧನವು ಊಹಿಸಿ ಮುಂದುವರಿಯದೆ, ಕಾರಣವನ್ನು ಸ್ಪಷ್ಟವಾಗಿ ತಿಳಿಸಿ ನಿಲ್ಲಬೇಕು. ಪರರ ಬರಹಗಳ ರಕ್ಷಣೆಯು ಈ ನಿಯಮವನ್ನೇ ಅವಲಂಬಿಸಿರುವುದು.